ಪ್ಲಗ್ ಕೀಳಬೇಡಿ

ವಾಷ್ಟಿ ರಾಮೂತಾರ್ ಕೂತಲ್ಲಿ ಕೂರುವ ಹೆಂಗಸಲ್ಲ. ಮನೆಗೆ ಬೀಗ ಹಾಕಿ ಗೇಟು ದಾಟಿದವಳು ಮತ್ತೆ ಒಳಗೆ ಬಂದು ಬೀಗವನ್ನು ಜಗ್ಗಿ ನೋಡುವಳು. ಒಲೆ ಆರಿಸಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ಅಕ್ಕನಿಗೆ ಫೋನ್ ಮಾಡುವಳು. ಕ್ಯೂರೆಪ್ ಎಂಬ ಊರಿನ ಅವಳ ಬೀದಿಯಲ್ಲಿ ಇದೊಂದು ನಗುವ ವಿಷಯವಾಗಿತ್ತು. ಆದರೆ ಅದೇ ಸ್ವಭಾವದಿಂದ ಅವಳು ಒಂದು ವಿಮಾ ಕಂಪನಿಯ ಸರ್ವರುಗಳನ್ನು ವರ್ಷಾನುಗಟ್ಟಲೆ ಕಾದಿದ್ದಳು. ಅವಳಿದ್ದಷ್ಟು ಕಾಲ ಅಲ್ಲಿ ಒಂದು ಫೈಲೂ ಕಳೆದುಹೋಗಿರಲಿಲ್ಲ. ಆಮೇಲೆ ಕಂಪನಿಯವರು ಆ ಕೆಲಸವನ್ನು ಯಾವುದೋ ದೂರದೇಶದವರಿಗೆ ವಹಿಸಿ, ಇವಳ ಹೆಸರಲ್ಲಿ ಒಂದು ಕೇಕು ಕತ್ತರಿಸಿ ಮನೆಗೆ ಕಳಿಸಿದರು. ಅಂದಿನಿಂದ ಕರೆದವರ ಮನೆಗೆ, ಅಂಗಡಿಗೆ ಹೋಗಿ ಕಂಪ್ಯೂಟರು ನೋಡಿಕೊಡುವುದೇ ಅವಳ ಜೀವನ.

ಆ ವರ್ಷ ಕಾರ್ನಿವಲ್ ಇನ್ನೇನು ಬಂತು ಅನ್ನುವಾಗ ಕರ್ಟಿಸ್ ಅಚಾಂಗ್ ಅವಳನ್ನು ಕರೆಸಿದ. ವುಡ್‌ಬ್ರುಕ್‌ನಲ್ಲಿ ಅವನ ಮಾಸ್ ಕ್ಯಾಂಪ್, ಅಂದರೆ ಕಾರ್ನಿವಲ್ ಮೆರವಣಿಗೆಯ ತಂಡಕ್ಕೆ ವೇಷ ಕಟ್ಟುವ ಜಾಗ, ಇತ್ತು. ತಗಡಿನ ಸೂರಿನ ಉದ್ದನೆಯ ಶೆಡ್ಡು. ಒಂದು ಕಡೆ ಹೊಲಿಗೆ ಮೆಷಿನ್ನುಗಳ ಸಾಲು, ಇನ್ನೊಂದು ಕಡೆ ಗರಿ ಅಂಟಿಸುವವರ ಮೇಜು, ಮೂಲೆಯಲ್ಲಿ ಫೋಮು, ಪ್ಲಾಸ್ಟಿಕ್ ಹಾಳೆಗಳನ್ನು ಕತ್ತರಿಸುವ ಯಂತ್ರ. ತಂಡದ ಆ ವರ್ಷದ ವೇಷ ಕರೋನಿ ಜೌಗಿನ ಕಾಂಡ್ಲಾ ಕಾಡು. ರಾಣಿ ಕೆಂಪು ಐಬಿಸ್ ಹಕ್ಕಿ, ರಾಜ ಏಡಿ, ಹಿಂದೆ ಬರುವ ನೂರಾರು ಜನ ನಾಲ್ಕು ಕಣ್ಣಿನ ಮೀನು, ಸಿಂಪಿ, ಬೇರು, ಕೆಸರು. ಎಲ್ಲವೂ ಮೊದಲು ಕಂಪ್ಯೂಟರಿನಲ್ಲಿ ಚಿತ್ರವಾಗಿ ಹುಟ್ಟಿ, ಆಮೇಲೆ ಆ ಯಂತ್ರದ ಅಲಗಿನಡಿಯಿಂದ ರೆಕ್ಕೆಯೋ ಕಾಲೋ ಆಗಿ ಹೊರಬರಬೇಕು. ಯಂತ್ರವನ್ನು ನಡೆಸುತ್ತಿದ್ದದ್ದು ಲಿನಕ್ಸ್ ವ್ಯವಸ್ಥೆಯ ಒಂದು ಹಳೆಯ ಕಂಪ್ಯೂಟರು. ಅದು ನಡುನಡುವೆ ನಿಂತುಹೋಗುತ್ತಿತ್ತು.

ರೋಗ ಏನೆಂದು ಕಂಡುಹಿಡಿಯಲು ವಾಷ್ಟಿಗೆ ಹೊತ್ತು ಹಿಡಿಯಲಿಲ್ಲ. ಪ್ರತಿ ಚಿತ್ರವನ್ನೂ ಅಲಗಿಗೆ ಅರ್ಥವಾಗುವ ಗೆರೆಗಳಾಗಿ ಒಡೆಯುವಾಗ ಕತ್ತರಿಸುವ ಪ್ರೋಗ್ರಾಮು ರಾಶಿ ರಾಶಿ ತಾತ್ಕಾಲಿಕ ಫೈಲುಗಳನ್ನು ಒಂದು ಫೋಲ್ಡರಿನಲ್ಲಿ ಸುರಿಯುತ್ತಿತ್ತು. ಕೆಲಸ ಮುಗಿದ ಮೇಲೆ ತನ್ನ ಕಸವನ್ನು ತಾನೇ ಬಳಿಯುವ ಬುದ್ಧಿ ಅದಕ್ಕಿರಲಿಲ್ಲ. ಡಿಸ್ಕ್ ತುಂಬಿದ ಗಳಿಗೆಯಲ್ಲಿ ಅಲಗು ಅರ್ಧ ರೆಕ್ಕೆಯಲ್ಲೇ ನಿಂತುಬಿಡುತ್ತಿತ್ತು. ವಾಷ್ಟಿ ಬಂದು, ಒಂದೊಂದೇ ಹೆಸರು ಓದಿ, ಬೇಡವಾದದ್ದನ್ನು ಕೈಯಾರೆ ಅಳಿಸಿ ಹೋಗುವಳು. ಅವಳು ಮನೆ ಮುಟ್ಟಿ ಚಪ್ಪಲಿ ಬಿಡುವಷ್ಟರಲ್ಲಿ ಮತ್ತೆ ಫೋನ್.

“ಏನಮ್ಮಾ ವಾಷ್ಟಿ, ನಿನ್ನ ಮೆಷಿನ್ನು ಮತ್ತೆ ಮುಷ್ಕರ ಹೂಡಿದೆ,” ಎಂದ ಕರ್ಟಿಸ್, ಅದೇ ವಾರದಲ್ಲಿ ಅವಳನ್ನು ಇನ್ನೊಮ್ಮೆ ಓಡೋಡಿ ಬರುವಂತೆ ಮಾಡಿದಾಗ. “ಯೂನಿಯನ್‌ಗೆ ಸೇರಿಸಿಬಿಟ್ಟಿದೀಯಾ ಹೇಗೆ?”

“ಮೆಷಿನ್ನು ನಂದಲ್ಲ ಬಾಸ್, ನಿಮ್ದು. ನೀವು ತಿನ್ನಿಸಿದ್ದು ಜಾಸ್ತಿಯಾಗಿ ಹೊಟ್ಟೆ ಕಟ್ಟಿದೆ.”

“ಹಂಗಾದ್ರೆ ದಿನಾ ಅದೇ ತನ್ನ ಹೊಟ್ಟೆ ಖಾಲಿ ಮಾಡ್ಕೊಳ್ಳೋ ಹಾಗೆ ಏನಾದ್ರೂ ಮಾಡು. ಪ್ರತಿ ಸಲ ನೀನು ಕ್ಯೂರೆಪ್‌ನಿಂದ ಬಂದು ಅದರ ಕೈ ಹಿಡ್ಕೊಂಡು ಕೂರೋದಾದ್ರೆ ನನ್ನ ಏಡಿ ಮುಂದಿನ ವರ್ಷಕ್ಕೆ ನಡೆಯತ್ತೆ.”

ಗರಿ ಅಂಟಿಸುವ ಮೇಜಿನಿಂದ ಟ್ಯಾಂಟಿ ಯೂಡೋರಾಳ ಧ್ವನಿ ಬಂತು. ಆ ಶೆಡ್ಡಿನಲ್ಲಿ ಎಲ್ಲರಿಗಿಂತ ಹಿರಿಯಳು ಅವಳು, ಎಲ್ಲರಿಗೂ ಟ್ಯಾಂಟಿ, ಅಂದರೆ ಚಿಕ್ಕಮ್ಮ. ಬೆರಳಿಗೆ ಅಂಟು ಮೆತ್ತಿದ್ದಷ್ಟು ಹೊತ್ತೂ ನಾಲಿಗೆ ಸುಮ್ಮನಿರುತ್ತಿರಲಿಲ್ಲ. “ಕೈ ಹಿಡ್ಕೊಳ್ಳೋಕೆ ಅವಳಿಗಾದ್ರೂ ಇನ್ಯಾರಿದಾರೆ ಕರ್ಟಿಸ್? ಮೆಷಿನ್ನಾದ್ರೂ ಇರಲಿ ಬಿಡೋ.”

ಹೊಲಿಗೆ ಸಾಲಿನವರೆಲ್ಲ ನಕ್ಕರು. ವಾಷ್ಟಿಯೂ ನಕ್ಕಳು. ಆದರೆ ಅಷ್ಟು ಹೊತ್ತಿಗೆ ಅವಳ ತಲೆಯೊಳಗೆ ತಾನೇ ಕಸ ಗುಡಿಸುವ ಸ್ಕ್ರಿಪ್ಟು, ಒಂದು ಸಣ್ಣ ಪ್ರೋಗ್ರಾಮು, ಓಡಲು ಶುರುವಾಗಿತ್ತು, ಅದು ಎಲ್ಲೆಲ್ಲಿ ಎಡವಬಹುದು ಎಂಬುದೂ.

ಹಳೆಯ ಫೈಲು ಅಳಿಸು ಎಂದು ಒಂದು ಸಾಲು ಬರೆದರೆ ಯಾವ ಕಂಪ್ಯೂಟರೂ ಅಳಿಸುತ್ತದೆ. ಬರೆಯುವುದು ಕಷ್ಟವಲ್ಲ. ಅಳಿಸಬಾರದ್ದನ್ನು ಅಳಿಸಿದರೆ ಎಂಬ ಯೋಚನೆ ಅವಳನ್ನು ಅಡುಗೆಮನೆಯ ಮೇಜಿನಿಂದ ಎಬ್ಬಿಸಿ ಎಬ್ಬಿಸಿ ಅಂಗಳದಲ್ಲಿ ತಿರುಗಾಡಿಸಿತು. ಗುಡಿಸುವ ಮೊದಲು ತಾನು ಸರಿಯಾದ ಫೋಲ್ಡರಿನೊಳಗೇ ನಿಂತಿದ್ದೇನೆಯೇ ಎಂದು ಸ್ಕ್ರಿಪ್ಟು ನೋಡಿಕೊಳ್ಳಬೇಕು. ಆ ಫೋಲ್ಡರೇ ಸಿಗದಿದ್ದರೆ ಇದ್ದಲ್ಲೇ ನಿಲ್ಲಬೇಕು, ಬೇರೆಲ್ಲೋ ನಿಂತು ಪೊರಕೆ ಆಡಿಸಬಾರದು. ಮೂರು ದಿನ ಯಾರೂ ಮುಟ್ಟದ ಫೈಲನ್ನು ಮಾತ್ರ ಎತ್ತಬೇಕು. ಮುಟ್ಟದಿದ್ದರೂ ಯಾವುದಾದರೂ ಪ್ರೋಗ್ರಾಮು ಅದನ್ನು ತೆರೆದು ಹಿಡಿದುಕೊಂಡಿದ್ದರೆ ಬಿಟ್ಟುಬಿಡಬೇಕು. ಫೈಲಿನ ವೇಷದಲ್ಲಿ ಬೇರೆ ಜಾಗಕ್ಕೆ ದಾರಿ ತೋರಿಸುವ ಕೊಂಡಿಗಳಿರುತ್ತವೆ, ಅವುಗಳ ಹಿಂದೆ ಹೋಗಕೂಡದು. ಇಷ್ಟಾದ ಮೇಲೂ ನೇರವಾಗಿ ಅಳಿಸಲು ಅವಳಿಗೆ ಮನಸ್ಸು ಬರಲಿಲ್ಲ. ಇನ್ನೊಂದು ಡಿಸ್ಕನ್ನು ತಂದು ಜೋಡಿಸಿ, ಅದರಲ್ಲೊಂದು ಕಾಯುವ ಕೋಣೆ ಮಾಡಿದಳು. ಗುಡಿಸಿದ್ದೆಲ್ಲ ಒಂದು ವಾರ ಅಲ್ಲಿ ಬಿದ್ದಿರಲಿ. ಯಾರೂ ಕೇಳಿಕೊಂಡು ಬರದಿದ್ದರೆ ಆಮೇಲೆ ಹೋಗಲಿ.

ಮೊದಲ ಕೆಲವು ದಿನ ಸ್ಕ್ರಿಪ್ಟು ಏನನ್ನೂ ಮುಟ್ಟುವಂತಿರಲಿಲ್ಲ. ದಿನಾ ಬೆಳಿಗ್ಗೆ ಶೆಡ್ಡಿನ ಬಾಗಿಲು ತೆಗೆಯುವ ಹೊತ್ತಿಗೆ ಫೋಲ್ಡರನ್ನು ಜಾಲಾಡಿ, ‘ನನಗೆ ಬಿಟ್ಟಿದ್ದರೆ ಇವಿಷ್ಟನ್ನು ಎತ್ತುತ್ತಿದ್ದೆ’ ಎಂದು ಹೆಸರುಗಳನ್ನು ಮಾತ್ರ ವಾಷ್ಟಿಗೂ ಕರ್ಟಿಸ್‌ಗೂ ಕಳಿಸುತ್ತಿತ್ತು.

“ಇದೇನಿದು?” ಎಂದ ಕರ್ಟಿಸ್, ಫೋನನ್ನು ದೂರ ಹಿಡಿದು ಕಣ್ಣು ಕಿರಿದು ಮಾಡಿ. “ನಿನ್ನ ಪೊರಕೆ ಗುಡಿಸತ್ತಾ, ಇಲ್ಲಾ ಬರೀ ಭಾಷಣ ಮಾಡತ್ತಾ?”

“ಎರಡು ದಿನ ನೋಡೋಣ ಬಾಸ್. ಓದಿ ನೋಡಿ, ಬೇಕಾದ್ದು ಏನಾದ್ರೂ ಅದರಲ್ಲಿದ್ರೆ ಹೇಳಿ.”

“ನೋಡ್ತೀನಿ, ನೋಡ್ತೀನಿ,” ಎಂದು ಅವನು ಫೋನನ್ನು ಜೇಬಿಗಿಳಿಸಿದ. ಅವನು ಅದನ್ನು ಮತ್ತೆ ತೆರೆದು ನೋಡಲಿಲ್ಲ ಎಂಬುದು ಅವಳಿಗೆ ಗೊತ್ತಿತ್ತು.

ಎರಡು ದಿನ ಕಳೆಯಿತು. ಹೆಸರುಗಳು ಸರಿಯಾಗಿಯೇ ಬರುತ್ತಿದ್ದವು. ಆದರೂ ವಾಷ್ಟಿ, ಇನ್ನೊಂದು ದಿನ ಇರಲಿ ಅಂದಳು. ಅದರ ಮರುದಿನ, ಒಂದು ಕೊಂಡಿಯನ್ನು ಪರೀಕ್ಷಿಸುವುದಿದೆ ಅಂದಳು. ಅದಾದ ಮೇಲೆ ಭಾನುವಾರ ಬಂತು. ಸ್ಕ್ರಿಪ್ಟಿನಲ್ಲಿ ‘ತೋರಿಸು’ ಎಂದಿದ್ದಲ್ಲಿ ‘ಎತ್ತು’ ಎಂದು ಬದಲಿಸಿದರೆ ಸಾಕು, ಒಂದೇ ಪದದ ಕೆಲಸ. ಕೈ ಕೀಲಿಮಣೆಯ ಮೇಲೆ ಬರುತ್ತಿತ್ತು, ಎದ್ದು ಹೋಗಿ ನೀರು ಕುಡಿಯುತ್ತಿದ್ದಳು.

ಆ ಹೆಸರುಗಳ ನಡುವೆ ಅವಳ ಕಣ್ಣಿಗೆ ಚುಚ್ಚುತ್ತಿದ್ದ ಕೆಲವು ಇದ್ದವು. ಯಂತ್ರದ ಪ್ರೋಗ್ರಾಮು ಇಡುವ ಹೆಸರುಗಳು ಬರೀ ಅಂಕಿಗಳ ಸರಮಾಲೆ. ಇವು ಹಾಗಲ್ಲ, ‘ಹೆಸರಿಲ್ಲದ್ದು’, ‘ಹೆಸರಿಲ್ಲದ್ದು ಹೊಸದು’, ‘ಹೆಸರಿಲ್ಲದ್ದು ಹೊಸದು ಕೊನೆಯದು’ ಎಂದು ಮನುಷ್ಯರು ಇಟ್ಟಂತಿದ್ದವು. ಶೆಡ್ಡಿನ ಆ ತುದಿಯಲ್ಲಿ ಆನ್ಸೆಲ್ಮ್ ಕ್ವಾಮಿನಾ ಕೂತಿದ್ದ. ತಂಡದ ವೇಷಗಳೆಲ್ಲ ಅವನ ಕಲ್ಪನೆ. ಎಳೆಯ ವಯಸ್ಸಿನಿಂದ ತಂತಿ ಬಗ್ಗಿಸಿ ವೇಷದ ಹಂದರ ಕಟ್ಟುತ್ತಿದ್ದವನು, ಬೆರಳಿನ ಗಂಟುಗಳು ಊದಿಕೊಂಡ ಮೇಲೆ ಕಂಪ್ಯೂಟರಿನಲ್ಲಿ ಬಿಡಿಸುವುದನ್ನು ಕಲಿತಿದ್ದ. ಜನವರಿಯಲ್ಲಿ ಅವನ ಲ್ಯಾಪ್‌ಟಾಪಿನ ಮೇಲೆ ಯಾರೋ ಒಂದು ಲೋಟ ಮಾಬಿ ಪಾನಕ ಚೆಲ್ಲಿದ್ದರಿಂದ, ಆವತ್ತಿನಿಂದ ಯಂತ್ರದ ಕಂಪ್ಯೂಟರಿನ ಮೇಲೇ ಕೆಲಸ ಮಾಡುತ್ತಿದ್ದ. ಎದ್ದು ಹೋಗಿ ‘ಇವು ನಿನ್ನವಾ?’ ಎಂದು ಕೇಳಿದರೆ ಆಗುತ್ತಿತ್ತು. ಆದರೆ ಅವನ ಕಿವಿಗೆ ಹೆಡ್‌ಫೋನಿತ್ತು, ಮುಖ ಗಂಟಿಕ್ಕಿತ್ತು, ನಡುವೆ ಫೋಮಿನ ರಾಶಿ ಇತ್ತು. ಹೇಗೂ ಮೂರು ದಿನ, ಕಾಯುವ ಕೋಣೆ, ಒಂದು ವಾರ ಎಲ್ಲ ಇದೆಯಲ್ಲ ಎಂದುಕೊಂಡಳು. ನಾಳೆ ಕೇಳೋಣ ಎಂದುಕೊಂಡಳು. ಮರುದಿನವೂ ಅದನ್ನೇ ಅಂದುಕೊಂಡಳು.

ಗುರುವಾರ ಮಧ್ಯಾಹ್ನ ಅವಳು ಪೇಟೆಯ ಕಡೆಗೆ ಹೊರಟ ಮ್ಯಾಕ್ಸಿ ಎಂಬ ಬಾಡಿಗೆ ವ್ಯಾನಿನಲ್ಲಿ ಕೂತಿದ್ದಳು. ಕ್ಯೂರೆಪ್ ಜಂಕ್ಷನ್ನಿನಲ್ಲಿ ಕಟ್ಟಿಸಿಕೊಂಡ ಡಬಲ್ಸಿನ, ಅಂದರೆ ಕಡಲೆ ಪಲ್ಯ ತುಂಬಿದ ಪೂರಿಯ, ಪೊಟ್ಟಣ ತೊಡೆಯ ಮೇಲೆ ಬೆಚ್ಚಗಿತ್ತು. ಡ್ರೈವರು ಹಾಕಿದ್ದ ಸೋಕಾ ಹಾಡಿಗೆ ಕಿಟಕಿ ಗಾಜು ನಡುಗುತ್ತಿತ್ತು. ಫೋನ್ ಹೊಡೆದುಕೊಂಡಿತು. ಟ್ಯಾಂಟಿ ಯೂಡೋರಾ.

“ಏ ಹುಡುಗಿ, ಎಲ್ಲಿದೀಯೇ? ಮೆಷಿನ್ನು ಮತ್ತೆ ನಿಂತಿದೆ, ರಾಣಿ ರೆಕ್ಕೆ ಅರ್ಧದಲ್ಲಿ.”

“ಬರ್ತಾ ಇದೀನಿ ಟ್ಯಾಂಟಿ. ಯಾರೂ ಏನೂ ಮುಟ್ಟಬೇಡಿ.”

“ಮುಟ್ಟಬೇಡಿ ಅಂತೆ! ಮುಟ್ಟಿ ಆಯ್ತು. ಕರ್ಟಿಸ್ ಟೊರಾಂಟೋದಲ್ಲಿರೋ ಅವನ ಕಸಿನ್ನಿಗೆ ಫೋನ್ ಹಚ್ಚಿ, ಅವನು ಹೇಳಿದ್ದನ್ನೆಲ್ಲಾ ಒತ್ತಿದ. ಆ ಫೋಲ್ಡರ್ ಪೂರ್ತಿ ಅಳಿಸ್ದೆ, ಒಂದೇ ನಿಮಿಷದ ಕೆಲಸ, ವಾಷ್ಟಿ ಒಂದು ವಾರ ಎಳೆದಳು ಅಂತ ಎದೆ ಉಬ್ಬಿಸ್ಕೊಂಡು ಓಡಾಡ್ತಿದ್ದ. ಈಗ ನೋಡಿದ್ರೆ ಡಿಸ್ಕ್ ಇನ್ನೂ ತುಂಬಿದೆ ಅಂತಾನೇ ಬರ್ತಿದೆಯಂತೆ. ಆನ್ಸೆಲ್ಮ್ ಬೇರೆ ನೆಲದ ಮೇಲೆ ಕೂತ್ಬಿಟ್ಟಿದಾನೆ.”

“ಆನ್ಸೆಲ್ಮ್ ಯಾಕೆ?”

“ಅವನ ಚಿತ್ರ ಎಲ್ಲಾ ಅದರಲ್ಲೇ ಇತ್ತಂತಲ್ಲ. ಬೇರೆಲ್ಲೂ ಇಲ್ಲವಂತೆ.”

ವಾಷ್ಟಿಗೆ ಆ ಹೆಸರುಗಳು ನೆನಪಾದವು. ಹೆಸರಿಲ್ಲದ್ದು. ಹೊಸದು. ಕೊನೆಯದು. ಮರುಗಳಿಗೆಯಲ್ಲೇ ಅವಳ ತಲೆ ಇನ್ನೊಂದು ಮಾತನ್ನು ಹಿಡಿದು ನಿಂತಿತು. ಪೂರ್ತಿ ಅಳಿಸಿದ ಮೇಲೂ ಡಿಸ್ಕ್ ತುಂಬಿದೆ ಅನ್ನುತ್ತಿದೆ ಎಂದರೆ, ಅಳಿಸಿದ ಫೈಲುಗಳನ್ನು ಯಾರೋ ಒಳಗಿನಿಂದ ಇನ್ನೂ ಹಿಡಿದುಕೊಂಡಿದ್ದಾರೆ. ಕತ್ತರಿಸುವ ಪ್ರೋಗ್ರಾಮು! ಅರ್ಧಕ್ಕೆ ನಿಂತ ಕೆಲಸಗಳನ್ನು ಅದು ಸರದಿಯಲ್ಲಿಟ್ಟುಕೊಂಡು, ಅವುಗಳ ಫೈಲುಗಳನ್ನು ಬಿಡದೆ ಕೂತಿದೆ.

“ಟ್ಯಾಂಟಿ, ಈಗ ಕರ್ಟಿಸ್ ಏನ್ಮಾಡ್ತಿದಾರೆ?”

“ಆಫ್ ಮಾಡಿ ಆನ್ ಮಾಡಿದ್ರೆ ಸರಿಹೋಗತ್ತೆ ಅಂದನಂತೆ ಆ ಕಸಿನ್. ಅದಕ್ಕೇ ಆ ಕಡೆ ಹೋಗ್ತಿದಾನೆ.”

“ಬೇಡ!” ವಾಷ್ಟಿ ಸೀಟಿನಿಂದ ಎದ್ದೇಬಿಟ್ಟಳು, ತಲೆ ಮ್ಯಾಕ್ಸಿಯ ಸೂರಿಗೆ ಬಡಿಯಿತು. “ಪ್ಲಗ್ ಕೀಳಬೇಡಿ! ಟ್ಯಾಂಟಿ, ಓಡಿ, ಅವರನ್ನ ಹಿಡ್ಕೊಳ್ಳಿ! ಪ್ಲಗ್ ಕಿತ್ರೆ ಎಲ್ಲಾ ಮುಗೀತು, ಆಮೇಲೆ ಯಾರ ಕೈಲೂ ಆಗಲ್ಲ! ಡ್ರೈವರ್, ಸ್ವಲ್ಪ ಹಾಡು ಕಡಿಮೆ ಮಾಡಿ!”

“ಅಕ್ಕಾ, ಇದು ಮ್ಯಾಕ್ಸಿ, ಚರ್ಚಲ್ಲ,” ಎಂದ ಡ್ರೈವರು.

“ಸುಮ್ನಿರಯ್ಯಾ, ಪ್ಲಗ್ ಕೀಳ್ತಿದಾರಂತೆ ಕೇಳಿಸ್ಲಿಲ್ವಾ?” ಪಕ್ಕದ ಸೀಟಿನ ದಪ್ಪ ಹೆಂಗಸು ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡಳು. “ಯಾವ ಆಸ್ಪತ್ರೆ ಕಣಮ್ಮಾ? ತಂದೆನಾ, ತಾಯಿನಾ?”

ಹಾಡು ಥಟ್ಟನೆ ನಿಂತಿತು. ಮ್ಯಾಕ್ಸಿಯಲ್ಲಿದ್ದವರೆಲ್ಲ ತಿರುಗಿ ವಾಷ್ಟಿಯ ಮುಖವನ್ನೇ ನೋಡಿದರು. ಅವಳು ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡಳು. ಫೋನಿನ ಆಚೆ ಕುರ್ಚಿ ಎಳೆದ ಸದ್ದು, ಕೂಗಾಟ, ಕರ್ಟಿಸ್‌ನ ‘ಅತ್ತ ಸರಿ ಯೂಡೋರಾ’, ಆಮೇಲೆ ಟ್ಯಾಂಟಿಯ ಏದುಸಿರು.

“ಪ್ಲಗ್ಗಿನ ಮುಂದೆ ಕುರ್ಚಿ ಹಾಕ್ಕೊಂಡು ಕೂತಿದೀನಿ. ಇಲ್ಲಿಂದ ನನ್ನ ಎತ್ತೋಕೆ ಇವನ ಅಪ್ಪ ಬರಬೇಕು. ಈಗ ಹೇಳು, ಯಾಕೆ?”

“ಟ್ಯಾಂಟಿ, ಅವರು ಬಾಗಿಲ ಮೇಲಿನ ಹೆಸರು ಕಿತ್ತಿದಾರೆ ಅಷ್ಟೆ. ಒಳಗೆ ಜನ ಇರೋವರೆಗೂ ಲಿನಕ್ಸ್ ಮನೆ ಕೆಡವಲ್ಲ. ಕತ್ತರಿಸೋ ಪ್ರೋಗ್ರಾಮು ಇನ್ನೂ ಒಳಗಿದೆ. ಆಫ್ ಮಾಡಿದ್ರೆ ಅದು ಎದ್ದು ಹೊರಗೆ ಬರತ್ತೆ, ಆಗ ಮನೆ ಹೋಗತ್ತೆ. ಪ್ರೋಗ್ರಾಮಲ್ಲಿ ‘ರದ್ದು’ ಅಂತ ಒಂದು ಗುಂಡಿ ಇದೆ, ಅದನ್ನೂ ಯಾರೂ ಒತ್ತಬಾರದು. ಮೌಸನ್ನೂ ಮುಟ್ಟಬಾರದು.”

“ಮೌಸ್ ಮುಟ್ಟಬೇಡಿ ಅಂತೆ ಕಣ್ರೋ,” ಎಂದು ಟ್ಯಾಂಟಿ ಅತ್ತ ಕಿರುಚಿದಳು. “ಅಯ್ಯೋ, ನೋಡು, ಕರೆಂಟೂ ಹೋಯ್ತಲ್ಲೇ! ಹೊಲಿಗೆ ಮೆಷಿನ್ನೆಲ್ಲಾ ನಿಂತ್ವು, ಫ್ಯಾನೂ ನಿಂತಿತು.”

ಯುಪಿಎಸ್ ಇತ್ತು. ಆದರೆ ಅದರ ಬ್ಯಾಟರಿ ಯಾವ ಕಾಲದ್ದೋ. ಬದಲಿಸಿ ಎಂದು ಅವಳು ಹೇಳಿದ್ದಾಗ ಕರ್ಟಿಸ್ ‘ಕಾರ್ನಿವಲ್ ಮುಗೀಲಿ’ ಎಂದಿದ್ದ.

“ಕಂಪ್ಯೂಟರು?”

“ಉರೀತಿದೆ. ಅದರ ಕೆಳಗಿನ ಪೆಟ್ಟಿಗೆ ಮಾತ್ರ ಬೆಕ್ಕಿನ ಬಾಲ ತುಳಿದ ಹಾಗೆ ಕಿರುಚ್ತಿದೆ.” ಟ್ಯಾಂಟಿ ಫೋನನ್ನು ಅತ್ತ ಹಿಡಿದಳು. ಕೀ, ಕೀ, ಕೀ. ಮ್ಯಾಕ್ಸಿಯಲ್ಲಿದ್ದವರಿಗೂ ಕೇಳಿಸಿತು.

“ದೇವರೇ, ಇನ್ನೂ ಉಸಿರಿದೆ,” ಎಂದಳು ಪಕ್ಕದ ಹೆಂಗಸು. ಡ್ರೈವರು ಹಿಂದೆ ತಿರುಗಿ ನೋಡದೆ ಬಸ್ಸುಗಳಿಗೆ ಮೀಸಲಾದ ದಾರಿಯಲ್ಲಿ ಗಾಡಿಯನ್ನು ಹಾರಿಸಿದ. ನಡುವೆ ಕೈ ತೋರಿಸಿದವರಿಗೆಲ್ಲ ನಿಲ್ಲಿಸದೆ, ಇಳಿಯಬೇಕಾದವರೂ ತುಟಿ ಪಿಟಕ್ಕೆನ್ನದೆ, ಮ್ಯಾಕ್ಸಿ ಪೇಟೆ ಮುಟ್ಟಿತು. ಕೀ ಕೀ ಸದ್ದು ನಿಂತಾಗ ವಾಷ್ಟಿ ಕಣ್ಣು ಮುಚ್ಚಿಕೊಂಡಳು. ಎಷ್ಟೋ ಹೊತ್ತಿನ ಮೇಲೆ ಬಂದಂತೆ ಟ್ಯಾಂಟಿಯ ಧ್ವನಿ ಬಂತು: “ಕರೆಂಟು ಬಂತು. ಪರದೆ ಇನ್ನೂ ಹಾಗೇ ಇದೆ ಕಣೇ.”

ಪೇಟೆಯಿಂದ ವುಡ್‌ಬ್ರುಕ್‌ಗೆ ಗಾಡಿ ಸಿಗಲಿಲ್ಲ. ಸ್ಟೀಲ್‌ಬ್ಯಾಂಡೊಂದು ತನ್ನ ಉಕ್ಕಿನ ಪ್ಯಾನ್ ವಾದ್ಯಗಳನ್ನೆಲ್ಲ ಗಾಲಿಯ ಚೌಕಟ್ಟುಗಳ ಮೇಲೆ ಹೇರಿ ರಸ್ತೆಯುದ್ದಕ್ಕೂ ತಳ್ಳಿಕೊಂಡು ಹೋಗುತ್ತಿತ್ತು. ಹಿಂದೆ ಕಾರುಗಳ ಸಾಲು ಹಾರನ್ನು ಒತ್ತಿ ಒತ್ತಿ ಸೋತು ಎಂಜಿನ್ ಆರಿಸಿ ನಿಂತಿತ್ತು. ವಾಷ್ಟಿ ಚೌಕಟ್ಟುಗಳ ನಡುವೆ ನುಸುಳಿ ನಡೆದಳು, ಓಡಿದಳು, ಮತ್ತೆ ನಡೆದಳು. ಬಿಸಿಲಿಗೆ ಡಾಂಬರು ಚಪ್ಪಲಿಗೆ ಅಂಟುತ್ತಿತ್ತು. ಡಬಲ್ಸಿನ ಪೊಟ್ಟಣ ಎಲ್ಲಿ ಬಿದ್ದುಹೋಯಿತೋ ತಿಳಿಯಲಿಲ್ಲ. ಆಗಾಗ ಫೋನಿಗೆ, ‘ಇದೆಯಾ?’ ಎಂದು ಕೇಳುವಳು. ‘ಇದೆ’ ಎನ್ನುವಳು ಟ್ಯಾಂಟಿ. ಮತ್ತೆ ಹತ್ತು ಹೆಜ್ಜೆ, ಮತ್ತೆ ‘ಇದೆಯಾ?’

“ಇದೆ ಕಣೇ! ನನಗೆ ಬಾತ್‌ರೂಮಿಗೆ ಹೋಗ್ಬೇಕು, ಬೇಗ ಬಾ!”

ಶೆಡ್ಡಿನೊಳಗೆ ಯಾರೂ ಕೆಲಸ ಮಾಡುತ್ತಿರಲಿಲ್ಲ. ಕರ್ಟಿಸ್ ಮೂಲೆಯಲ್ಲಿ ಕೈಕಟ್ಟಿ ನಿಂತಿದ್ದ, ಅವನ ಬೋಳು ತಲೆಯ ತುಂಬ ಬೆವರು. ಆನ್ಸೆಲ್ಮ್ ಫೋಮಿನ ಚೂರುಗಳ ನಡುವೆ ನೆಲದ ಮೇಲೆ ಕೂತು ತನ್ನ ಊದಿದ ಬೆರಳುಗಳನ್ನು ಒಂದೊಂದಾಗಿ ನೀವಿಕೊಳ್ಳುತ್ತಿದ್ದ. ಟ್ಯಾಂಟಿ ಯೂಡೋರಾ ಕುರ್ಚಿಯಿಂದ ಎದ್ದು, “ತಗೋ, ನಿನ್ನ ಮಗೂನ ನೀನೇ ನೋಡ್ಕೋ,” ಎಂದು ಹೊರಗೆ ಓಡಿದಳು.

ವಾಷ್ಟಿ ಕೂತಳು. ಯಾವ ಪ್ರೋಗ್ರಾಮು ಯಾವ ಫೈಲುಗಳನ್ನು ಹಿಡಿದಿದೆ ಎಂದು ಲಿನಕ್ಸನ್ನು ಕೇಳಿದಳು. ಸಾಲುಗಳು ಇಳಿದು ಬಂದವು. ಪ್ರತಿ ಸಾಲಿನ ಕೊನೆಗೆ ‘ಅಳಿಸಲಾಗಿದೆ’. ಹೆಸರು ಹೋಗಿತ್ತು, ಮೈ ಇತ್ತು. ಒಂದೊಂದನ್ನೂ ಪ್ರೋಗ್ರಾಮಿನ ಕೈಯಿಂದ ಕಿತ್ತುಕೊಳ್ಳದೆ, ಅದು ಹಿಡಿದಿರುವಾಗಲೇ ಇನ್ನೊಂದು ಡಿಸ್ಕಿಗೆ ನಕಲು ಮಾಡತೊಡಗಿದಳು. ದೊಡ್ಡ ಫೈಲುಗಳು, ನಿಧಾನ. ಹಿಂದೆ ನಿಂತವರ ಉಸಿರು ಅವಳ ಕತ್ತಿಗೆ ತಾಗುತ್ತಿತ್ತು.

“ಇದು ಎಡರೆಕ್ಕೆ,” ಎಂದ ಆನ್ಸೆಲ್ಮ್ ಹಿಂದಿನಿಂದ. ಅವನು ಎದ್ದು ಬಂದದ್ದು ಅವಳಿಗೆ ತಿಳಿದಿರಲಿಲ್ಲ. “ಇದು ಬಲರೆಕ್ಕೆ. ಇದು ಬಾಲದ ಗರಿ. ಇದು... ಇದು ಮೀನಿನ ಕಣ್ಣು.”

ಒಂದೊಂದು ತೆರೆದುಕೊಂಡಾಗಲೂ ಹೊಲಿಗೆಯವರು ಉಸಿರು ಬಿಟ್ಟರು. ಕರ್ಟಿಸ್‌ನ ಮುಖಕ್ಕೆ ಕಳೆ ಮರಳಿತು. “ನಾನು ಹೇಳ್ಲಿಲ್ವಾ, ಏನೂ ಹೋಗಿರಲ್ಲ ಅಂತ,” ಎಂದ.

“ಏಡಿ ಎಲ್ಲಿ?” ಎಂದ ಆನ್ಸೆಲ್ಮ್.

ಏಡಿ ಇರಲಿಲ್ಲ. ರಾಜನ ವೇಷದ ಚಿಪ್ಪು ಹಿಂದಿನ ವಾರ ಕತ್ತರಿಸಿ ಆಗಿತ್ತು. ಕಾಲುಗಳ ಚಿತ್ರ ಇನ್ನೂ ಯಂತ್ರದ ಸರದಿಗೆ ಬಂದಿರಲಿಲ್ಲ. ಆನ್ಸೆಲ್ಮ್ ಬಿಡಿಸಿ, ಚಿತ್ರದ ಪ್ರೋಗ್ರಾಮು ತಾನಾಗಿ ತೋರಿಸಿದ ಫೋಲ್ಡರಿನಲ್ಲೇ ಇಟ್ಟು, ಮುಚ್ಚಿ ಎದ್ದಿದ್ದ. ಅದನ್ನು ಹಿಡಿದುಕೊಂಡವರು ಯಾರೂ ಇರಲಿಲ್ಲ. ವಾಷ್ಟಿ ಎಲ್ಲ ಸಾಲುಗಳನ್ನೂ ಮತ್ತೆ ನೋಡಿದಳು, ತನಗೆ ಗೊತ್ತಿದ್ದ ಬೇರೆ ದಾರಿಗಳನ್ನೂ ಹುಡುಕಿದಳು. ಅಳಿಸಿದ್ದರಿಂದ ಡಿಸ್ಕಿನಲ್ಲಿ ತೆರವಾದ ಒಂದಿಷ್ಟು ಜಾಗವನ್ನೂ ಯಂತ್ರ ಆಗಲೇ ತನ್ನ ಗೆರೆಗಳಿಂದ ತುಳಿದುಹಾಕಿತ್ತು.

“ಇಲ್ಲ,” ಎಂದಳು.

ಆನ್ಸೆಲ್ಮ್ ಕರ್ಟಿಸ್ ಕಡೆ ನೋಡಲಿಲ್ಲ, ಅವಳ ಕಡೆ ನೋಡಿದ. “ಅದು ಅಲ್ಲಿರೋದು ನಿಂಗೆ ಗೊತ್ತಿತ್ತಾ?”

ಸುಳ್ಳು ಹೇಳಬಹುದಿತ್ತು. “ಹೆಸರು ನೋಡಿದ್ದೆ,” ಎಂದಳು. “ದಿನಾ ಬೆಳಿಗ್ಗೆ ಬರ್ತಿತ್ತು. ಯಾರದ್ದೋ ಇರಬೇಕು ಅನ್ನಿಸ್ತಿತ್ತು. ಕೇಳಬೇಕು ಅಂತಿದ್ದೆ.”

“ನಾನು ಇಲ್ಲೇ ಇದ್ದೆನಲ್ಲ.”

“ಹೌದು.”

“ಆ ನಿನ್ನ ಪೊರಕೆನ ಹೋದ ವಾರವೇ ಬಿಟ್ಟಿದ್ರೆ ಏನಾಗ್ತಿತ್ತು?”

ವಾಷ್ಟಿ ಅದನ್ನು ದಾರಿಯುದ್ದಕ್ಕೂ ಯೋಚಿಸಿಕೊಂಡೇ ಬಂದಿದ್ದಳು. “ಡಿಸ್ಕ್ ತುಂಬ್ತಿರಲಿಲ್ಲ. ನಿನ್ನ ಏಡಿ ಕಾಯೋ ಕೋಣೇಲಿ ಇರ್ತಿತ್ತು. ನೀನು ಬಂದು ಕೇಳಿದ್ರೆ ತೆಗೆದುಕೊಡ್ತಿದ್ದೆ.”

ಆನ್ಸೆಲ್ಮ್ ತಲೆಯಾಡಿಸಿದ. ಹೆಡ್‌ಫೋನನ್ನು ಮೇಜಿನ ಮೇಲಿಟ್ಟು ಶೆಡ್ಡಿನಿಂದ ಹೊರಟುಹೋದ. ಕರ್ಟಿಸ್ ಅವನ ಹಿಂದೆ ಬಾಗಿಲವರೆಗೆ ಹೋಗಿ ಮರಳಿದ.

“ತಪ್ಪು ನಂದಮ್ಮ,” ಎಂದ ಸಣ್ಣ ದನಿಯಲ್ಲಿ. ಅವನ ಬಾಯಲ್ಲಿ ಆ ಮಾತನ್ನು ಆ ಶೆಡ್ಡು ಹಿಂದೆ ಕೇಳಿರಲಿಲ್ಲ. ಯಾರಿಗೂ ಅದನ್ನು ಹಿಡಿದು ಹಾಸ್ಯ ಮಾಡುವ ಧೈರ್ಯ ಬರಲಿಲ್ಲ, ಟ್ಯಾಂಟಿಗೂ.

“ನಂದೂ ಇದೆ ಬಾಸ್,” ಎಂದಳು ವಾಷ್ಟಿ. ಮತ್ತೆ ಪರದೆಯ ಕಡೆ ತಿರುಗಿ, ಎಲ್ಲ ಫೈಲುಗಳ ನಕಲು ಸರಿ ಇದೆಯೇ ಎಂದು ಇನ್ನೊಮ್ಮೆ ನೋಡಿ, ಆಮೇಲಷ್ಟೇ ಸರದಿಯನ್ನು ಬಿಡಿಸಿದಳು. ಡಿಸ್ಕ್ ಹಗುರವಾಯಿತು. ಸ್ಕ್ರಿಪ್ಟನ್ನು ತೆರೆದು, ‘ತೋರಿಸು’ ಎಂದಿದ್ದಲ್ಲಿ ‘ಎತ್ತು’ ಎಂದು ಬರೆದಳು. ಮನುಷ್ಯರ ಚಿತ್ರಗಳಿಗೆಂದೇ ಇನ್ನೊಂದು ಫೋಲ್ಡರು ಮಾಡಿ, ಚಿತ್ರ ಬಿಡಿಸುವ ಪ್ರೋಗ್ರಾಮು ಇನ್ನು ಮುಂದೆ ಅಲ್ಲಿಗೇ ಬಾಗಿಲು ತೆರೆಯುವಂತೆ ಕಟ್ಟಿದಳು. ಪೊರಕೆಗೆ ಅಲ್ಲಿಗೆ ಕಾಲಿಡುವ ಹಕ್ಕನ್ನೇ ಕೊಡಲಿಲ್ಲ. ಏನನ್ನು ಬೇಕಾದರೂ ಅಳಿಸಲು ಬಿಡುವ ದೊಡ್ಡ ಗುಪ್ತಪದವನ್ನೂ ಬದಲಿಸಿದಳು. ಕರ್ಟಿಸ್ ಹೊಸದು ಏನೆಂದು ಕೇಳಲಿಲ್ಲ.

ಮರುದಿನ ಬೆಳಿಗ್ಗೆ ಯಾರೂ ಕರೆಯದಿದ್ದರೂ ಅವಳು ಶೆಡ್ಡಿನಲ್ಲಿದ್ದಳು. ಸ್ಕ್ರಿಪ್ಟು ಓಡಿತು, ಹಳೆಯದೆಲ್ಲ ಕಾಯುವ ಕೋಣೆಗೆ ಹೋಯಿತು, ಯಂತ್ರ ಗುಂಯ್‌ಗುಡುತ್ತ ರೆಕ್ಕೆ ಕತ್ತರಿಸಿತು. ಅದರ ಮರುದಿನವೂ ಬಂದಳು. “ಮೊಟ್ಟೆ ಮೇಲೆ ಕೂತ ಕೋಳಿ ನೋಡಿ,” ಎಂದಳು ಟ್ಯಾಂಟಿ. ಕೊನೆಗೆ ಕರ್ಟಿಸ್‌ನೇ, “ಮನೆಗೆ ಹೋಗಮ್ಮಾ, ಏನಾದ್ರೂ ಆದ್ರೆ ಕರೀತೀನಿ,” ಎಂದು ಕಳಿಸಿದ. ಅವನು ಕರೆಯಲಿಲ್ಲ. ಯಂತ್ರ ಒಮ್ಮೆಯೂ ನಿಲ್ಲಲಿಲ್ಲ. ಆದರೆ ಸುಮ್ಮನೆ ಬಿದ್ದಿರುವ ಫೋನು, ಹೊಡೆದುಕೊಳ್ಳುವ ಫೋನಿಗಿಂತ ಹೆಚ್ಚು ಅವಳನ್ನು ಗೋಳಾಡಿಸಿತು. ಅಂಗಡಿಗೆ ಹೋದಾಗ, ಅಕ್ಕನ ಜೊತೆ ರೊಟ್ಟಿ ಬಡಿಯುವಾಗ, ಜೇಬಿನಿಂದ ತೆಗೆದು ತೆಗೆದು ನೋಡುವಳು.

ಆನ್ಸೆಲ್ಮ್ ಎರಡು ದಿನ ನಾಪತ್ತೆಯಾಗಿದ್ದವನು ಒಂದು ಹೊರೆ ತಂತಿ, ಒಂದು ಕಟ್ಟು ಬೆತ್ತದೊಂದಿಗೆ ಬಂದನಂತೆ. ಒಮ್ಮೆ ಬಿಡಿಸಿದ್ದನ್ನು ಮತ್ತೆ ಬಿಡಿಸಲಾರೆ ಎಂದು, ಊದಿದ ಬೆರಳುಗಳಿಂದಲೇ ಏಡಿಯ ಕಾಲುಗಳನ್ನು ಬಗ್ಗಿಸಿ ಕಟ್ಟತೊಡಗಿದನಂತೆ. ಸಂಜೆ ಸಂಜೆ ಬಿಸಿನೀರಿನ ಬೋಗುಣಿಯಲ್ಲಿ ಕೈ ಮುಳುಗಿಸಿ ಕೂರುತ್ತಾನೆ ಎಂದು ಟ್ಯಾಂಟಿ ಫೋನಿನಲ್ಲಿ ಹೇಳಿದಳು. ಏಡಿ ಮುಗಿದದ್ದು ತಂಡಗಳ ರಾಜ-ರಾಣಿ ವೇಷಗಳ ಸ್ಪರ್ಧೆಯ ದಿನದಂದೇ. ವೇದಿಕೆಯ ಮೇಲೆ ಅದರ ಕಾಲುಗಳು ನಡುಗಿದವು, ಒಂದು ಕಾಲು ಇನ್ನೊಂದಕ್ಕೆ ತಗಲಿಕೊಂಡಿತು. ನೋಡುವವರು ಚಪ್ಪಾಳೆ ತಟ್ಟಿದರು, ತೀರ್ಪುಗಾರರು ತಟ್ಟಲಿಲ್ಲ. ಕೊನೆಯ ಸುತ್ತಿಗೆ ರಾಜ ಹೋಗಲಿಲ್ಲ. ರಾಣಿ ಹೋದಳು, ಮೂರನೆಯವಳಾಗಿ ಬಂದಳು.

ಕಾರ್ನಿವಲ್ ಮಂಗಳವಾರ ವಾಷ್ಟಿ ನಾಲ್ಕು ಕಣ್ಣಿನ ಮೀನಿನ ವೇಷದಲ್ಲಿ ತಂಡದ ನಡುವೆ ನಡೆದಳು. ಕರ್ಟಿಸ್ ಬಲವಂತ ಮಾಡಿ ಕೊಟ್ಟ ವೇಷ. ಸುತ್ತ ಎಲ್ಲರೂ ಕುಣಿಯುತ್ತಿದ್ದರು. ಇವಳಿಗೆ ಕಿರೀಟ ಜಾರೀತೆಂಬ ಚಿಂತೆ, ಬೆಳಿಗ್ಗೆಯ ಸಂದೇಶ ಬಂತೋ ಇಲ್ಲವೋ ಎಂಬ ಚಿಂತೆ, ಮೀನಿನ ವೇಷಕ್ಕೆ ಜೇಬಿಲ್ಲದ್ದರಿಂದ ಟ್ಯಾಂಟಿಯ ಚೀಲದಲ್ಲಿ ಬಿಟ್ಟಿದ್ದ ಫೋನಿನ ಚಿಂತೆ. ಸವಾನ್ನಾ ಮೈದಾನದ ವೇದಿಕೆ ದಾಟಿ ರಸ್ತೆಗಿಳಿದಾಗ ಮುಂದಿನ ಸಾಲು ನಿಂತುಬಿಟ್ಟಿತು. ಏಡಿಯ ಹಿಂದಿನ ಕಾಲಿನ ಕಟ್ಟು ಬಿಚ್ಚಿಹೋಗಿತ್ತು. ಅದರಡಿ ಬಗ್ಗಿ ತಂತಿಯೊಂದಿಗೆ ಹೆಣಗಾಡುತ್ತಿದ್ದವನು ಆನ್ಸೆಲ್ಮ್. ಆ ಗುರುವಾರದ ನಂತರ ಅವನು ಅವಳೊಡನೆ ಮಾತಾಡಿರಲಿಲ್ಲ.

ತಲೆಯೆತ್ತಿ ಅವಳನ್ನು ಕಂಡ.

“ಚಿತ್ರದಲ್ಲಿ ಈ ಕಾಲು ಇದಕ್ಕಿಂತ ಚೆನ್ನಾಗಿತ್ತು,” ಎಂದ.

“ಇದ್ದಿರಬೇಕು,” ಎಂದಳು ವಾಷ್ಟಿ.

“ನನ್ನ ಬೆರಳು ಇನ್ನು ಬಗ್ಗಲ್ಲ. ಇದನ್ನ ಹಿಡ್ಕೊಳ್ಳೋಕಾಗತ್ತಾ? ಬಿಟ್ರೆ ನೆಲಕ್ಕೆ ಎಳೆಯತ್ತೆ.”

ಅವಳು ಕಿರೀಟ ತೆಗೆದು ಪಕ್ಕದವಳ ಕೈಗೆ ಕೊಟ್ಟು, ಕಾಲಿನ ತುದಿಯನ್ನು ಎರಡೂ ಕೈಯಲ್ಲಿ ಹಿಡಿದಳು. ಅಂದುಕೊಂಡಿದ್ದಕ್ಕಿಂತ ಭಾರವಾಗಿತ್ತು. ಟ್ರಕ್ಕಿನ ಮೇಲಿನಿಂದ ಹಾಡು ಮತ್ತೆ ಸಿಡಿಯಿತು, ತಂಡ ಒಮ್ಮೆಲೇ ಮುಂದಕ್ಕೆ ನುಗ್ಗಿತು.

“ಮೇಲೆ! ಇನ್ನೂ ಮೇಲೆ! ಮೀನಿನ ಹಾಗೆ ಹಿಡೀಬೇಡ, ಏಡಿ ಹಾಗೆ ಹಿಡಿ!” ಎಂದು ಆನ್ಸೆಲ್ಮ್ ಪಕ್ಕದಿಂದ ಬೈಯುತ್ತ ಬಂದ. ಅವಳು ತೋಳು ನೋಯುತ್ತಿದ್ದರೂ ಎತ್ತಿ ಹಿಡಿದು, ಅವನ ಬೈಗುಳಕ್ಕೆ ತಕ್ಕಂತೆ ಎಡಕ್ಕೆ ಬಲಕ್ಕೆ ಆಡಿಸುತ್ತ, ಬೆವರು ಕಣ್ಣಿಗಿಳಿದು ಉರಿಯುತ್ತಿದ್ದರೂ ಒರೆಸಿಕೊಳ್ಳಲು ಕೈಯಿಲ್ಲದೆ, ಸಂಜೆಯವರೆಗೂ ಆ ರಸ್ತೆಗಳಲ್ಲಿ ನಡೆದಳು.